ದನಿಯೇ ವಿಳಾಸ: ಸಾವಿರ ಕೂಗುಗಳ ನಡುವೆ ಪೆಂಗ್ವಿನ್ ಮರಿ ಅಪ್ಪನನ್ನ ಹುಡುಕೋದು ಹೇಗೆ?

[ಧ್ವನಿಮುದ್ರಣ: ಕಿಂಗ್ ಪೆಂಗ್ವಿನ್ ಕಾಲನಿಯ ಗದ್ದಲ]

ಹೆಡ್‌ಫೋನ್ ಇದ್ದರೆ ಹಾಕ್ಕೊಳ್ಳಿ, ಇವತ್ತಿನದು ಪೂರ್ತಿ ಕಿವಿಯ ಕಥೆ.

ಈಗ ನೀವು ಕೇಳಿದ್ದು ಟ್ರಾಫಿಕ್ ಜಾಮ್ ಅಲ್ಲ. ಮದುವೆ ಬ್ಯಾಂಡಿನವರು ಪ್ರಾಕ್ಟೀಸ್ ಮಾಡ್ತಿದ್ದದ್ದೂ ಅಲ್ಲ. ಅದು ಕಿಂಗ್ ಪೆಂಗ್ವಿನ್‌ಗಳ ಕಾಲನಿ. ಸಾವಿರಾರು ಹಕ್ಕಿಗಳು ಒಟ್ಟಿಗೆ ಕೂಗ್ತಿವೆ. ನಮ್ಮ ಕಿವಿಗೆ ಎಲ್ಲವೂ ಒಂದೇ ತುತ್ತೂರಿ. ಆದರೆ ಆ ಗದ್ದಲದ ಒಳಗೆ ಎಲ್ಲೋ ಒಂದು ಹಕ್ಕಿ ತನ್ನ ಒಂದೇ ಒಂದು ಮರಿಗೆ "ನಾನು ಬಂದೆ" ಅಂತ ಹೇಳ್ತಿದೆ. ಆ ಮರಿಗೆ ಅದು ಕೇಳಿಸಬೇಕು. ಕೇಳಿಸದಿದ್ದರೆ ಇವತ್ತು ಊಟ ಇಲ್ಲ. ಮತ್ತೆ ಮತ್ತೆ ಕೇಳಿಸದೇ ಹೋದರೆ ಮರಿಯೇ ಉಳಿಯಲ್ಲ.

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿಕಾಂ. ಹಕ್ಕಿ ಶಾಸ್ತ್ರ ನನ್ನ ಸಬ್ಜೆಕ್ಟ್ ಅಲ್ಲ. ಆದರೂ ಈ ವಿಷಯ ಕೆಲವು ತಿಂಗಳಿಂದ ನನ್ನ ತಲೆಯಲ್ಲಿ ಕೂತಿದೆ. ಯಾಕೆ ಅಂತ ಹೇಳಬೇಕಾದರೆ ನಮ್ಮೂರಿನ ಬಾಂಬೆ ಬಸ್ಸಿನ ಕಥೆ ಹೇಳಬೇಕು.

ನಮ್ಮದು ಕುಂದಾಪುರದ ಕಡೆ. ನಾನು ಇನ್ನೂ ತೊಟ್ಟಿಲಲ್ಲಿ ಇರುವಾಗಲೇ ಅಪ್ಪ ಗಲ್ಫಿಗೆ ಹೋದರು. ನನಗೆ ಐದು ವರ್ಷ ಆಗೋ ತನಕ ಅಪ್ಪ ಅಂದರೆ ಗೋಡೆ ಮೇಲಿನ ಒಂದು ಫೋಟೊ, ಮತ್ತೆ ಶುಕ್ರವಾರದ ಒಂದು ಫೋನು. ಲ್ಯಾಂಡ್‌ಲೈನ್ ಫೋನು. ಲೈನಿನಲ್ಲಿ ಗೊರಗೊರ ಸದ್ದು, ನಾವು ಹೇಳಿದ್ದು ನಮಗೇ ತಿರುಗಿ ಕೇಳಿಸೋದು. ಅದರ ನಡುವೆ ಅಪ್ಪ ಪ್ರತಿ ಸಲ ಒಂದೇ ಥರ ಶುರು ಮಾಡೋರು: "ಹ್ವಾಯ್ ಮಗಾ, ಉಂಡ್ಯಾ?" ನಾನು "ಹ್ಞೂಂ" ಅನ್ನೋದು. ಅಷ್ಟೇ ನಮ್ಮ ಸಂಬಂಧ.

ಒಂದು ದಿನ ಅಪ್ಪ ಬಂದರು. ಆಗ ಗಲ್ಫಿನವರು ಬಾಂಬೆಗೆ ಬಂದು, ಅಲ್ಲಿಂದ ಬಸ್ ಹಿಡಿದು ಊರಿಗೆ ಬರೋದು. ಬೆಳಿಗ್ಗೆ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ ನಿಂತಿತು. ಇಳಿಯೋರು, ಲಗೇಜ್ ಇಳಿಸೋರು, ರಿಕ್ಷಾದವರು, ಎಲ್ಲರೂ ಒಟ್ಟಿಗೆ ಕೂಗ್ತಿದ್ದಾರೆ. ಮೀಸೆ ಇರೋ ಒಬ್ಬ ಮನುಷ್ಯ ನನ್ನ ಕಡೆ ಬಂದರು. ಫೋಟೊದಲ್ಲಿ ಮೀಸೆ ಇರಲಿಲ್ಲ. ನಾನು ಅಮ್ಮನ ಸೀರೆ ಹಿಂದೆ ಅಡಗಿಕೊಂಡೆ. ಅಮ್ಮ "ಅಪ್ಪ ಮಾರಾಯಾ, ಹೋಗು" ಅಂದರೂ ಹೋಗಲಿಲ್ಲ. ಆಮೇಲೆ ಆ ಮನುಷ್ಯ ಕೂತು, ಆ ಗಲಾಟೆಯ ನಡುವೆ ಮೆಲ್ಲಗೆ ಹೇಳಿದರು: "ಹ್ವಾಯ್ ಮಗಾ, ಉಂಡ್ಯಾ?"

ನಾನು ಸೀರೆ ಬಿಟ್ಟೆ.

ಅದನ್ನ ನೆನಪಲ್ಲಿ ಇಟ್ಕೊಳ್ಳಿ. ಈಗ ಪೆಂಗ್ವಿನ್ ಕಡೆ ಹೋಗೋಣ.

ಮ್ಯಾಪಿನಲ್ಲಿ ಕನ್ಯಾಕುಮಾರಿಯಿಂದ ಕೆಳಗೆ, ಕೆಳಗೆ ಹೋಗ್ತಾ ಇರಿ. ನಮ್ಮದೇ ಹಿಂದೂ ಮಹಾಸಾಗರದ ದಕ್ಷಿಣದ ಕಡೆ, ಅಂಟಾರ್ಕ್ಟಿಕಾ ಮುಟ್ಟೋಕೆ ಮುಂಚೆ, ಕ್ರೋಜೆ ಅಂತ ಒಂದು ದ್ವೀಪಗಳ ಗುಂಪು ಇದೆ. ಫ್ರಾನ್ಸಿಗೆ ಸೇರಿದ್ದು. ಊರು ಇಲ್ಲ, ಕೇರಿ ಇಲ್ಲ, ಸಂಶೋಧಕರ ಒಂದು ಕೇಂದ್ರ ಇದೆ, ಅಷ್ಟೆ. ಉಳಿದದ್ದೆಲ್ಲಾ ಗಾಳಿ ಮತ್ತು ಪೆಂಗ್ವಿನ್.

ಕಿಂಗ್ ಪೆಂಗ್ವಿನ್ ಗೂಡು ಕಟ್ಟಲ್ಲ. ಒಂದೇ ಮೊಟ್ಟೆ. ಅದನ್ನ ಪಾದದ ಮೇಲೆ ಇಟ್ಕೊಂಡು, ಹೊಟ್ಟೆಯ ಚರ್ಮದ ಮಡಿಕೆ ಹೊದಿಸಿ, ಗಂಡು ಹೆಣ್ಣು ಸರದಿ ಮೇಲೆ ಸುಮಾರು 54 ದಿನ ಕಾವು ಕೊಡ್ತವೆ. ಮರಿ ಹುಟ್ಟಿದ ಮೇಲೂ ಕೆಲವು ವಾರ ಪಾದದ ಮೇಲೇ. ಆಮೇಲೆ ಅದರ ಹೊಟ್ಟೆ ದೊಡ್ಡದಾಗುತ್ತೆ, ಒಬ್ಬರ ಬೇಟೆ ಸಾಲಲ್ಲ. ಅಪ್ಪ ಅಮ್ಮ ಇಬ್ಬರೂ ಸಮುದ್ರಕ್ಕೆ ಹೋಗಬೇಕು. ಆಗ ಮರಿಗಳೆಲ್ಲಾ ಒಂದು ಕಡೆ ಗುಂಪಾಗಿ ನಿಲ್ಲುತ್ತವೆ. ಒಂಥರಾ ಬಾಲವಾಡಿ, ಟೀಚರ್ ಇಲ್ಲದ ಬಾಲವಾಡಿ. ಎಲ್ಲವೂ ಕಂದು ಬಣ್ಣದ ದಪ್ಪ ತುಪ್ಪಳದ ಉಂಡೆಗಳು. ದೊಡ್ಡ ಹಕ್ಕಿಗೂ ಇವಕ್ಕೂ ಎಷ್ಟು ವ್ಯತ್ಯಾಸ ಅಂದರೆ, ಹಿಂದಿನ ಕಾಲದ ನಾವಿಕರು ಇದು ಬೇರೆಯೇ ಜಾತಿಯ ಪೆಂಗ್ವಿನ್ ಅಂದುಕೊಂಡಿದ್ದರಂತೆ.

ಚಳಿಗಾಲ ಬಂದಾಗ ಕಥೆ ಗಂಭೀರ ಆಗುತ್ತೆ. ಹತ್ತಿರದ ಮೀನು ಖಾಲಿ. ದೊಡ್ಡವು ತುಂಬಾ ದೂರ ಹೋಗ್ತವೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬರಲ್ಲ. ಮರಿ ಮೈಯಲ್ಲಿದ್ದ ಕೊಬ್ಬನ್ನೇ ಕರಗಿಸ್ಕೊಂಡು ಬದುಕುತ್ತೆ, ಚಳಿಗಾಲ ಮುಗಿಯೋ ಹೊತ್ತಿಗೆ ತೂಕ ಅರ್ಧದಷ್ಟು ಇಳಿದಿರಬಹುದು. ಹೀಗಿರುವಾಗ ಒಂದು ದಿನ ಹೊಟ್ಟೆ ತುಂಬಾ ಮೀನು ಹೊತ್ಕೊಂಡು ಅಪ್ಪನೋ ಅಮ್ಮನೋ ಬರುತ್ತೆ. ಆ ಮೀನು ಊರಿಗೆಲ್ಲಾ ಹಂಚೋದಕ್ಕಲ್ಲ. ಪಕ್ಕದಲ್ಲಿ ಹಸಿದ ನೂರು ಮರಿ ಬಾಯಿ ತೆರೆದರೂ ಅದು ತನ್ನ ಮರಿಗೆ ಮಾತ್ರ ಉಣಿಸುತ್ತೆ.

ಈಗ ಆ ಹಕ್ಕಿ ಜಾಗದಲ್ಲಿ ನಿಂತು ಯೋಚಿಸಿ. ಮನೆ ನಂಬರ್ ಇಲ್ಲ. ಗೂಡಿಲ್ಲ. ಮರಿ ನಿಂತಲ್ಲಿ ನಿಲ್ಲಲ್ಲ. ಸಾವಿರಾರು ಮರಿಗಳು ನೋಡೋಕೆ ಒಂದೇ ಥರ. ಏನು ಮಾಡುತ್ತೆ?

ತಾನು ಹಿಂದೆ ಉಣಿಸಿದ ಜಾಗದ ಹತ್ತಿರ ಹೋಗಿ, ಕತ್ತು ಮೇಲೆತ್ತಿ ಕೂಗುತ್ತೆ.

ಥಿಯೆರಿ ಒಬಿನ್ ಮತ್ತು ಪಿಯೆರ್ ಜುವೆಂಟಿನ್ ಅಂತ ಇಬ್ಬರು ಫ್ರೆಂಚ್ ವಿಜ್ಞಾನಿಗಳು. ಇವರು ಮತ್ತು ಇವರ ಜೊತೆಗಾರರು ಕ್ರೋಜೆಯಲ್ಲಿ ಕೂತು ವರ್ಷಗಟ್ಟಲೆ ಇದನ್ನೇ ಕೇಳಿಸಿಕೊಂಡರು. ಕೇಳಿಸಿಕೊಂಡದ್ದು ಮಾತ್ರ ಅಲ್ಲ, ಪರೀಕ್ಷೆ ಮಾಡಿದರು. ವಿಧಾನ ಸರಳ. ದೊಡ್ಡ ಹಕ್ಕಿಯ ಕೂಗನ್ನ ರೆಕಾರ್ಡ್ ಮಾಡೋದು, ಅದು ಇಲ್ಲದಾಗ ಸ್ಪೀಕರಿನಲ್ಲಿ ಹಾಕೋದು, ಅದರ ಮರಿ ಏನು ಮಾಡುತ್ತೆ ನೋಡೋದು. ಬೇರೆಯವರ ಕೂಗಿಗೆ ಮರಿ ಕ್ಯಾರೇ ಅನ್ನಲ್ಲ. ತನ್ನವರ ಕೂಗಾದರೆ ತಲೆ ಎತ್ತುತ್ತೆ, ತಿರುಗಿ ಕೂಗುತ್ತೆ, ಗುಂಪು ಬಿಟ್ಟು ಸ್ಪೀಕರ್ ಕಡೆ ಓಡಿ ಬರುತ್ತೆ.

ಇಲ್ಲಿಂದ ಅವರು ಎಡಿಟಿಂಗ್ ಶುರು ಮಾಡಿದರು. ನಾನು ಪಾಡ್‌ಕಾಸ್ಟ್ ಎಡಿಟ್ ಮಾಡೋನು, ಅದಕ್ಕೇ ಈ ಭಾಗ ನನಗೆ ಬಹಳ ಇಷ್ಟ. ಕೂಗನ್ನ ಕತ್ತರಿಸ್ತಾ ಬಂದರು. ಎಷ್ಟು ಚಿಕ್ಕ ತುಂಡು ಕೇಳಿಸಿದರೆ ಮರಿಗೆ ಸಾಕು? ಒಂದು ಪೂರ್ತಿ ಉಚ್ಚಾರವೂ ಬೇಡ, ಅರ್ಧ ಸಾಕು. 0.23 ಸೆಕೆಂಡು. ಕಾಲು ಸೆಕೆಂಡಿಗಿಂತ ಕಮ್ಮಿ. ನೀವು "ಹಲೋ" ಅನ್ನೋದರಲ್ಲಿ "ಹ" ಮುಗಿಯೋ ಹೊತ್ತಿಗೆ ಆ ಮರಿಗೆ ಗೊತ್ತಾಗಿಬಿಟ್ಟಿರುತ್ತೆ, ಬಂದಿದ್ದು ಯಾರು ಅಂತ.

ಆಮೇಲೆ ಗದ್ದಲ ಸೇರಿಸಿದರು. ತನ್ನವರ ಕೂಗಿನ ಜೊತೆ ಬೇರೆ ಐದು ಹಕ್ಕಿಗಳ ಕೂಗನ್ನ ಒಟ್ಟಿಗೆ ಮಿಕ್ಸ್ ಮಾಡಿ ಕೇಳಿಸಿದರು. ಮರಿ ಗುರುತಿಸಿತು. ತನ್ನವರ ಕೂಗಿನ ವಾಲ್ಯೂಮ್ ಇಳಿಸಿದರು. ಆಗಲೂ ಗುರುತಿಸಿತು. ಸುತ್ತಲಿನ ಕೂಗುಗಳಿಗಿಂತ 6 ಡೆಸಿಬೆಲ್ ಕೆಳಗೆ ಇದ್ದರೂ ಗುರುತಿಸಿತು. ಶಕ್ತಿಯ ಲೆಕ್ಕದಲ್ಲಿ ಹೇಳಿದರೆ, ಗದ್ದಲ ನಾಲ್ಕು ಪಾಲು, ಅಪ್ಪನ ದನಿ ಒಂದು ಪಾಲು. ಆದರೂ ಮರಿ ಓಡಿ ಬಂತು.

1998ರಲ್ಲಿ ಒಬಿನ್ ಮತ್ತು ಜುವೆಂಟಿನ್ ಇದನ್ನ ಪ್ರಕಟಿಸಿದಾಗ 'ಕಾಕ್‌ಟೇಲ್ ಪಾರ್ಟಿ ಎಫೆಕ್ಟ್' ಅನ್ನೋ ಹೆಸರನ್ನೇ ಬಳಸಿದರು. ಅದು ಮನುಷ್ಯರ ಬಗ್ಗೆ ಕಾಲಿನ್ ಚೆರ್ರಿ ಅನ್ನೋರು 1953ರಲ್ಲಿ ಅಧ್ಯಯನ ಮಾಡಿದ ವಿಷಯ. ಹತ್ತು ಜನ ಒಟ್ಟಿಗೆ ಮಾತಾಡೋ ಕಡೆ ನಾವು ಒಬ್ಬರ ಮಾತನ್ನ ಹೇಗೆ ಹಿಡೀತೀವಿ ಅನ್ನೋದು. ನಮ್ಮ ಕಡೆ ಕಾಕ್‌ಟೇಲ್ ಪಾರ್ಟಿ ಅಂದರೆ ಅರ್ಥ ಆಗೋದು ಕಷ್ಟ, ಮದುವೆ ಊಟದ ಪಂಕ್ತಿ ಅಂದ್ಕೊಳ್ಳಿ.

ಸರಿ, ಆ ಕೂಗಿನಲ್ಲಿ ಅಂಥದ್ದು ಏನಿದೆ?

ಕಿಂಗ್ ಪೆಂಗ್ವಿನ್ ಕೂಗು ಒಂದು ನೇರ ಗೆರೆ ಅಲ್ಲ. ಪ್ರತಿ ಉಚ್ಚಾರದಲ್ಲೂ ಸ್ವರ ಮೇಲೆ ಹೋಗಿ ಕೆಳಗೆ ಬರುತ್ತೆ. ಆ ಏರಿಳಿತದ ಆಕಾರ ಒಂದೊಂದು ಹಕ್ಕಿಗೆ ಒಂದೊಂದು ಥರ. ನಮ್ಮ ಸಹಿ ಇದ್ದ ಹಾಗೆ. ಮರಿ ಹಿಡಿಯೋದು ಆ ಆಕಾರವನ್ನ. ಅದೇ ಸಹಿಯನ್ನ ಹಕ್ಕಿ ಒಂದೇ ಕೂಗಿನಲ್ಲಿ ಮತ್ತೆ ಮತ್ತೆ ಹಾಕುತ್ತೆ. ಒಂದು ಉಚ್ಚಾರ ಪಕ್ಕದವರ ಗಲಾಟೆಯಲ್ಲಿ ಮುಚ್ಚಿಹೋದರೆ ಮುಂದಿನದು, ಅದೂ ಹೋದರೆ ಅದರ ಮುಂದಿನದು.

ಇನ್ನು ಗಾಳಿ. ಆ ದ್ವೀಪಗಳಲ್ಲಿ ಗಾಳಿ ನಿಲ್ಲೋದೇ ಅಪರೂಪ. ತಿಯೆರಿ ಲೆಂಗಾನ್ ಮತ್ತು ಇದೇ ತಂಡದವರು 1999ರಲ್ಲಿ ಒಂದು ವಿಷಯ ತೋರಿಸಿದರು. ಗಾಳಿಯ ವೇಗ ಸೆಕೆಂಡಿಗೆ 8 ಮೀಟರ್ ದಾಟಿದರೆ ಪೆಂಗ್ವಿನ್ ಹೆಚ್ಚು ಸಲ ಕೂಗುತ್ತೆ, ಪ್ರತಿ ಕೂಗಿನಲ್ಲೂ ಹೆಚ್ಚು ಉಚ್ಚಾರ ಸೇರಿಸುತ್ತೆ. ಕ್ಲಾಡ್ ಶಾನನ್ ಹೆಸರು ಕೇಳಿರಬಹುದು. 1948ರಲ್ಲಿ ಸಂವಹನದ ಗಣಿತ ಬರೆದವರು. ಇವತ್ತು ನೀವು ಈ ಆಡಿಯೋ ಸ್ಟ್ರೀಮ್ ಮಾಡ್ತಿರೋದೂ ಅದೇ ಗಣಿತದ ಮೇಲೆ. ಅದರ ಒಂದು ಮುಖ್ಯ ಮಾತು: ಲೈನಿನಲ್ಲಿ ಗದ್ದಲ ಇದ್ದರೆ, ಅದೇ ಮಾಹಿತಿಯನ್ನ ಇನ್ನಷ್ಟು ಸಲ ಕಳಿಸು, ಆಗ ಉಳಿದು ತಲುಪುತ್ತೆ. ಶಾನನ್ ಹುಟ್ಟೋಕೆ ಎಷ್ಟೋ ಮುಂಚೆಯಿಂದ ಪೆಂಗ್ವಿನ್ ಅದನ್ನೇ ಮಾಡ್ತಾ ಇದೆ.

ಇನ್ನೊಂದು ವಿಷಯ ಕೇಳಿದಾಗ ನಾನು ಆಡಿಯೋ ನಿಲ್ಲಿಸಿ ಎದ್ದು ಓಡಾಡಿದೆ. ನಮಗೆ ಗಂಟಲಲ್ಲಿ ಒಂದು ಧ್ವನಿಪೆಟ್ಟಿಗೆ. ಹಕ್ಕಿಗಳಿಗೆ ಸದ್ದು ಹುಟ್ಟೋದು ಇನ್ನೂ ಕೆಳಗೆ, ಶ್ವಾಸನಾಳ ಎರಡು ಕವಲಾಗಿ ಒಡೆಯೋ ಜಾಗದಲ್ಲಿ. ಎರಡು ಕವಲು ಇರೋದರಿಂದ ಒಂದೇ ಸಮಯಕ್ಕೆ ಎರಡು ದನಿ ಹೊರಡಿಸಬಹುದು. ಕಿಂಗ್ ಪೆಂಗ್ವಿನ್ ಮತ್ತು ಅದರ ದೊಡ್ಡಣ್ಣ ಎಂಪರರ್ ಪೆಂಗ್ವಿನ್ ಇದನ್ನ ಪೂರ್ತಿ ಬಳಸ್ತವೆ. ಎರಡು ದನಿಗಳ ಕಂಪನಾಂಕದಲ್ಲಿ ಸ್ವಲ್ಪ ವ್ಯತ್ಯಾಸ. ಎರಡೂ ಸೇರಿದಾಗ ಒಂದು ಮಿಡಿತ ಹುಟ್ಟುತ್ತೆ. ತಂಬೂರಿ ಶ್ರುತಿ ಮಾಡುವಾಗ ಎರಡು ತಂತಿ ಪೂರ್ತಿ ಹೊಂದದೇ ಇದ್ದರೆ "ವಾಂವ್ ವಾಂವ್" ಅಂತ ಒಂದು ಅಲೆ ಕೇಳುತ್ತಲ್ಲ, ಅದು. ಆ ಮಿಡಿತ ಹಕ್ಕಿಯಿಂದ ಹಕ್ಕಿಗೆ ಬೇರೆ. ಅದಲ್ಲದೆ ಒತ್ತಿಕೊಂಡು ನಿಂತ ನೂರಾರು ದಪ್ಪ ಮೈಗಳ ನಡುವೆಯೂ ಅದು ಚೆನ್ನಾಗಿ ದಾಟಿ ಹೋಗುತ್ತೆ. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಪರರ್ ಪೆಂಗ್ವಿನ್ ಕೂಗಿನಿಂದ ಒಂದು ದನಿಯನ್ನ ತೆಗೆದುಹಾಕಿ ಕೇಳಿಸಿದರು. ಸಂಗಾತಿಯೂ ಗುರುತಿಸಲಿಲ್ಲ, ಮರಿಯೂ ಗುರುತಿಸಲಿಲ್ಲ.

ಈಗ ನನ್ನ ಬಿಕಾಂ ತಲೆಗೆ ಬಂದ ಪ್ರಶ್ನೆ. ಇಷ್ಟೆಲ್ಲಾ ವ್ಯವಸ್ಥೆಗೆ ಖರ್ಚಿದೆ ಅಲ್ವಾ? ಕಲಿಯಬೇಕು, ನೆನಪಿಡಬೇಕು, ಗಂಟಲು ಬೇಕು, ಕಿವಿ ಬೇಕು. ಎಲ್ಲಾ ಕಡಲ ಹಕ್ಕಿಗಳೂ ಈ ಖರ್ಚು ಮಾಡ್ತವಾ?

ಇಲ್ಲ. ಅದೇ ಇದರ ಮಜಾ.

ಅಡೇಲಿ ಪೆಂಗ್ವಿನ್, ಜೆಂಟೂ ಪೆಂಗ್ವಿನ್ ಇವು ಗೂಡು ಕಟ್ಟೋ ಪೆಂಗ್ವಿನ್‌ಗಳು. ಇವೂ ದನಿಯಿಂದಲೇ ಗುರುತಿಸ್ತವೆ. ಆದರೆ ಇವುಗಳ ದನಿಯ ಸಹಿ ಸರಳ. ಸ್ವರ ಎಷ್ಟು ಎತ್ತರ, ಅದರ ಬಣ್ಣ ಎಂಥದ್ದು, ಅಷ್ಟರಲ್ಲೇ ಕೆಲಸ ಮುಗಿಯುತ್ತೆ. ಯಾಕೆ ಅಂದರೆ ಅರ್ಧ ಕೆಲಸ ಗೂಡೇ ಮಾಡಿಕೊಟ್ಟಿದೆ. ಸಮುದ್ರದಿಂದ ಬಂದು ಗೂಡಿನ ಹತ್ತಿರ ನಿಂತರೆ ಸಾಕು, ಆಮೇಲೆ ದನಿ ಬರೀ ಖಾತ್ರಿಗೆ.

ಇನ್ನೊಂದು ಹಕ್ಕಿ ಕಿಟ್ಟಿವೇಕ್, ಒಂದು ಜಾತಿಯ ಕಡಲಕಾಗೆ. ಕಡಿದಾದ ಬಂಡೆಯ ಚೂರು ಅಂಚಿನ ಮೇಲೆ ಗೂಡು. ಮರಿ ಒಂದು ಹೆಜ್ಜೆ ತಪ್ಪಿಟ್ಟರೆ ನೇರ ಸಮುದ್ರಕ್ಕೆ. ಹಾಗಾಗಿ ಮರಿ ಅಲ್ಲಾಡಲ್ಲ. ಎಸ್ತರ್ ಕಲೆನ್ ಅನ್ನೋ ವಿಜ್ಞಾನಿ ಇಂಗ್ಲೆಂಡಿನ ಫಾರ್ನ್ ದ್ವೀಪಗಳಲ್ಲಿ ಇವನ್ನ ನೋಡಿ 1957ರಲ್ಲಿ ಬರೆದರು: ಕಿಟ್ಟಿವೇಕ್ ಅಪ್ಪ ಅಮ್ಮನಿಗೆ, ಮರಿ ಗೂಡಲ್ಲಿರೋ ಮೊದಲ ವಾರಗಳಲ್ಲಿ, ತನ್ನ ಮರಿ ಯಾವುದು ಅಂತಲೇ ಗೊತ್ತಿರಲ್ಲ. ಬೇರೆ ಮರಿ ಇಟ್ಟರೂ ಸಾಕ್ತವೆ. ಪ್ರೀತಿ ಕಮ್ಮಿ ಅಂತ ಅಲ್ಲ. ನನ್ನ ಗೂಡಲ್ಲಿ ಇರೋದು ನನ್ನ ಮರಿಯೇ ಆಗಿರಬೇಕು, ಬೇರೆ ಸಾಧ್ಯತೆಯೇ ಇಲ್ಲ. ತಪ್ಪಾಗೋ ಅವಕಾಶ ಇಲ್ಲದ ಕಡೆ ಚೆಕ್ ಮಾಡೋ ಖರ್ಚು ಯಾಕೆ? ಆಡಿಟ್ ಓದಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ.

ಅಂದರೆ ನನಗೆ ಅರ್ಥ ಆಗಿದ್ದು ಇಷ್ಟು: ವಿಳಾಸ ಇದ್ದವರಿಗೆ ದನಿ ಒಂದು ಖಾತ್ರಿ. ವಿಳಾಸ ಇಲ್ಲದವರಿಗೆ ದನಿಯೇ ವಿಳಾಸ.

ಕೊನೆಗೆ ಒಂದು ಹಕ್ಕಿ. ಗಿಲ್ಲೆಮಾಟ್. ಉತ್ತರದ ತಣ್ಣನೆಯ ಸಮುದ್ರಗಳ ಹಕ್ಕಿ. ಇದೂ ಬಂಡೆಯ ಅಂಚಿನಲ್ಲೇ ಮೊಟ್ಟೆ ಇಡುತ್ತೆ, ಆದರೆ ಗೂಡೇ ಇಲ್ಲ, ಬರೀ ಕಲ್ಲಿನ ಮೇಲೆ. ಬೆಂಗಳೂರಿನ ಬೆಳಗಿನ ಬಿಎಂಟಿಸಿ ಬಸ್ಸಿನ ಥರ ಒಬ್ಬರ ಮೈ ಒಬ್ಬರಿಗೆ ತಾಗಿಸಿಕೊಂಡು ನಿಂತಿರ್ತವೆ. ಇಲ್ಲಿ ಮರಿ ಪಕ್ಕದವರ ಕಾಲಡಿಗೆ ಹೋಗಿಬಿಡೋದು ತುಂಬಾ ಸುಲಭ.

1960ರ ದಶಕದಲ್ಲಿ ಬೀಟ್ ಚಾನ್ಸ್ ಅನ್ನೋ ಸ್ವಿಸ್ ವಿಜ್ಞಾನಿ ತೋರಿಸಿದ್ದು ಏನು ಗೊತ್ತಾ? ಗಿಲ್ಲೆಮಾಟ್ ಮರಿ ಅಪ್ಪ ಅಮ್ಮನ ದನಿಯನ್ನ ಕಲಿಯೋದು ಮೊಟ್ಟೆಯ ಒಳಗೆ ಇರುವಾಗ. ಒಡೆಯೋಕೆ ಕೆಲವು ದಿನ ಮುಂಚೆ ದೊಡ್ಡವು ಮೊಟ್ಟೆಯ ಜೊತೆ ಮಾತಾಡ್ತವೆ, ಒಳಗಿಂದ ಮರಿ ಕೇಳಿಸಿಕೊಳ್ಳುತ್ತೆ. ಹುಟ್ಟಿದ ಮೇಲೆ ಎರಡು ಸ್ಪೀಕರ್ ಇಟ್ಟರೆ, ಮೊಟ್ಟೆಯೊಳಗೆ ಕೇಳಿದ ದನಿಯ ಕಡೆಗೇ ಹೋಗುತ್ತೆ. ಮುಖ ನೋಡೋ ಮುಂಚೆ ದನಿ ಗೊತ್ತು.

ಇದು ಯಾಕೆ ಬೇಕು ಅಂತ ಮೂರು ವಾರ ಆದ ಮೇಲೆ ಗೊತ್ತಾಗುತ್ತೆ. ಮರಿಗೆ ಇನ್ನೂ ಹಾರೋಕೆ ಬರಲ್ಲ. ಸಂಜೆ ಕತ್ತಲಾಗೋ ಹೊತ್ತಿಗೆ ಅದು ಬಂಡೆಯ ತುದಿಯಿಂದ ಕೆಳಗೆ ಹಾರಿಬಿಡುತ್ತೆ. ಹಾರೋದು ಅಂದರೆ ರೆಕ್ಕೆ ಬಡಿಯೋದಲ್ಲ, ಬೀಳೋದು. ಕೆಳಗೆ ನೀರು, ಅರೆಗತ್ತಲು, ನೂರಾರು ಮರಿಗಳು, ನೂರಾರು ದೊಡ್ಡ ಹಕ್ಕಿಗಳು. ಅಲ್ಲಿ ಅಪ್ಪ ಕೂಗ್ತಿರುತ್ತೆ. ಹೌದು, ಅಪ್ಪನೇ. ಗಿಲ್ಲೆಮಾಟ್ ಮರಿಯನ್ನ ಸಮುದ್ರಕ್ಕೆ ಕರ್ಕೊಂಡು ಹೋಗಿ ಮುಂದಿನ ವಾರಗಳಲ್ಲಿ ಸಾಕೋದು ಅಪ್ಪ. ಮರಿ ಕೂಗುತ್ತೆ, ಅಪ್ಪ ಕೂಗುತ್ತೆ. ನಮ್ಮ ಒಟಿಪಿ ಥರ, ಎರಡೂ ಕಡೆ ಹೊಂದಬೇಕು. ಹೊಂದಿತು ಅಂದರೆ ಇಬ್ಬರೂ ಸೇರಿ ಈಜಿಕೊಂಡು ಹೋಗ್ತಾರೆ. ಹೊಂದದಿದ್ದರೆ ಆ ಮರಿ ಒಂಟಿಯಾಗಿ ಹೆಚ್ಚು ದಿನ ಬದುಕಲ್ಲ.

ನಮ್ಮಪ್ಪ ಈಗ ಊರಲ್ಲೇ ಇದ್ದಾರೆ. ಅಲ್ಲಿ ಅವರು ದುಡಿದದ್ದು ದೊಡ್ಡ ದೊಡ್ಡ ಜನರೇಟರ್‌ಗಳ ಪಕ್ಕದಲ್ಲಿ, ಹದಿನೇಳು ವರ್ಷ. ಕಿವಿಗೆ ಏನೂ ಹಾಕ್ಕೊಳ್ಳದೆ. ಈಗ ಅವರಿಗೆ ಕಿವಿ ಸರಿಯಾಗಿ ಕೇಳಲ್ಲ. ನಾನು ಬೆಂಗಳೂರಲ್ಲಿ ಇದ್ದೀನಿ. ವಾರಕ್ಕೊಮ್ಮೆ ಫೋನ್ ಮಾಡೋನು ಈಗ ನಾನು.

ಕೆಲವು ತಿಂಗಳ ಹಿಂದೆ ಒಂದು ಸಂಜೆ ಫೋನ್ ಮಾಡಿದೆ. ಆ ಕಡೆಯಿಂದ ಅಪ್ಪ ಕೇಳಿದರು, "ಯಾರು?" ನಾನು "ಅಪ್ಪಾ, ನಾನು" ಅಂದೆ. ಮತ್ತೆ, "ಯಾರು ಮಾತಾಡೋದು?" ಆ ದಿನ ನಾನು ಕಿರುಚಿದೆ. ಕಿರುಚಿದಷ್ಟೂ ಅವರಿಗೆ ಗೊಂದಲ ಜಾಸ್ತಿ ಆಯ್ತು. ಕೊನೆಗೆ ಫೋನನ್ನ ಅಮ್ಮನ ಕೈಗೆ ಕೊಟ್ಟುಬಿಟ್ಟರು. ರಾತ್ರಿ ನಿದ್ದೆ ಬರಲಿಲ್ಲ. ದನಿಯನ್ನೇ ಕೆಲಸ ಮಾಡ್ಕೊಂಡಿರೋ ನನ್ನ ದನಿ ನಮ್ಮಪ್ಪನಿಗೇ ತಲುಪ್ತಿಲ್ಲ ಅಂದರೆ ಹೇಗೆ?

ಹಾಗೆ ಕೇಳೋದು, ಕೇಳಿಸೋದು ಇದರ ಬಗ್ಗೆ ಹುಡುಕ್ತಾ ಹೋಗಿ ಸಿಕ್ಕಿದ್ದು ಈ ಪೆಂಗ್ವಿನ್. ಗಾಳಿ ಜಾಸ್ತಿ ಆದಾಗ ಅದು ಏನು ಮಾಡುತ್ತೆ ಅಂತ ಓದಿದಾಗ ನನಗೆ ನಮ್ಮ ಹಳೇ ಲ್ಯಾಂಡ್‌ಲೈನ್ ನೆನಪಾಯ್ತು. ಗೊರಗೊರ ಲೈನಿನಲ್ಲಿ ಅಪ್ಪ ಯಾವತ್ತೂ ಕಿರುಚಿದವರಲ್ಲ. ಅದೇ ಮಾತು, ಅದೇ ರಾಗ, ನನಗೆ ತಲುಪೋ ತನಕ ಮತ್ತೆ ಮತ್ತೆ.

ಈಗ ನಾನೂ ಹಾಗೇ ಶುರು ಮಾಡ್ತೀನಿ. ನಿಧಾನಕ್ಕೆ, ಅದೇ ರಾಗದಲ್ಲಿ: "ಹ್ವಾಯ್ ಅಪ್ಪಾ, ಉಂಡ್ರ್ಯಾ?" ಒಂದು ಸಲಕ್ಕೆ ಆಗಲ್ಲ. ಎರಡು ಸಲ, ಮೂರು ಸಲ. ಪ್ರತಿ ವಾರ ಸರಿಹೋಗುತ್ತೆ ಅಂತಲೂ ಅಲ್ಲ, ಕೆಲವು ದಿನ ಫೋನು ಅಮ್ಮನ ಕೈಗೇ ಹೋಗುತ್ತೆ. ಆದರೆ ಕಳೆದ ವಾರ ನಾಲ್ಕನೇ ಸಲಕ್ಕೆ ಆ ಕಡೆ ಒಂದು ಕ್ಷಣ ಸುಮ್ಮನಾಯ್ತು. ಆಮೇಲೆ "ಹ್ಞೂಂ" ಅಂದರು.

ನಿಮ್ಮ ಮನೆಯಲ್ಲೂ ಕಿವಿ ಮಂದ ಆದವರು ಇದ್ದರೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ, ವಯಸ್ಸಾಯ್ತು ಅಂತ ಬಿಡಬೇಡಿ. ನಾವೂ ಮುಂದಿನ ತಿಂಗಳು ಅಪ್ಪನನ್ನ ಕರ್ಕೊಂಡು ಹೋಗ್ತಿದ್ದೀವಿ. ಮತ್ತೆ ಈ ಸಂಚಿಕೆ ಮುಗಿದ ಮೇಲೆ ಒಂದು ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನು.

ಮುಂದಿನ ವಾರ ಸಿಗೋಣ. ನಮಸ್ಕಾರ.

[ಧ್ವನಿಮುದ್ರಣ: ಒಂದೇ ಕಿಂಗ್ ಪೆಂಗ್ವಿನ್ ಕೂಗು, ನಂತರ ಮರಿಯ ಉತ್ತರ]